ಅಡುಗೆ ಪ್ಲ್ಯಾನ್ ಮಾಡೋಕೆ ಯಾವ ಆ್ಯಪ್ ಒಳ್ಳೇದು? (ಮೀನಿನ ಮನೆ, ಸೋಮವಾರ-ಗುರುವಾರ ಮೀನಿಲ್ಲ)

ಕೋಡಿಬಾಗದ ಸೊಸೆ

ನಮಸ್ಕಾರ. ಕಾರವಾರದಲ್ಲಿದ್ದೇನೆ. ಮನೆಯಲ್ಲಿ ಆರು ಜನ. ನಾವಿಬ್ಬರು, ಎರಡು ಮಕ್ಕಳು, ಅತ್ತೆ, ಮಾವ. ನಾವಿಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಸಂಜೆ ಆರಕ್ಕೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ "ರಾತ್ರಿಗೆ ಏನು?" ಅಂತ ಕೇಳುತ್ತಾರೆ. ಅಡುಗೆ ಮಾಡುವುದು ನನಗೆ ಬೇಜಾರಿಲ್ಲ. ಏನು ಮಾಡಬೇಕು ಅಂತ ದಿನಾ ಯೋಚಿಸುವುದೇ ಬೇಜಾರು.

ಒಂದು ಆ್ಯಪ್ ಹಾಕಿ ನೋಡಿದೆ. ಹೆಸರು ಬೇಡ. ಏನೇನು ತಿನ್ನುವುದಿಲ್ಲ ಅಂತ ಕೇಳಿತು, ಹೇಳಿದೆ. ಮೀನು ಇರಲಿ ಅಂದೆ. ಮೊದಲ ವಾರದ ಪಟ್ಟಿಯಲ್ಲಿ ಸಾಲ್ಮನ್, ಆಸ್ಪರಾಗಸ್, ಕೇಲ್ ಅನ್ನುವ ಸೊಪ್ಪು ಬಂತು. ಸಾಲ್ಮನ್ ಒಂದೂವರೆ ಪೌಂಡ್ ಬೇಕಂತೆ. ಮಾವ ಅದನ್ನು ಓದಿ, "ಇದು ನಮ್ಮ ಬಂದರಿಗೆ ಯಾವ ಬೋಟಲ್ಲಿ ಬರ್ತದೆ?" ಅಂದರು. ಅವತ್ತೇ ತೆಗೆದು ಹಾಕಿದೆ.

ನಮ್ಮ ಅಡುಗೆಯನ್ನು ನಾನೇ ಕನ್ನಡದಲ್ಲಿ ಬರೆದಿಡಲು ಬರಬೇಕು. ಗಂಡನ ಫೋನಿನಲ್ಲೂ ಕಾಣಬೇಕು, ಭಾನುವಾರದ ಸಂತೆಗೆ ಹೋಗುವುದು ಅವರೇ. ಸೋಮವಾರ, ಗುರುವಾರ ಮನೆಯಲ್ಲಿ ಮೀನಿಲ್ಲ. ಜೂನ್ 1ಕ್ಕೆ ಮಳೆಗಾಲದ ನಿಷೇಧ ಅಂತ ಮೀನಿನ ಬೋಟ್ ಬಂದ್ ಆಗುತ್ತದೆ, ಅದೇ ಹೊತ್ತಿಗೆ ಮಕ್ಕಳಿಗೆ ಶಾಲೆಯೂ ಶುರು. ಅಷ್ಟರೊಳಗೆ ಒಂದು ದಾರಿ ಆಗಬೇಕು. ಯಾರು ಏನು ಬಳಸುತ್ತೀರಿ?

ತಂಬುಳಿ ರಾಯ, ಶಿರಸಿ

ಆ್ಯಪ್ ಯಾಕೆ ಮಾರಾಯ್ರೆ? ಬೆಳಿಗ್ಗೆ ಹಿತ್ತಲಿಗೆ ಒಂದು ಸುತ್ತು ಹೋಗಿ ಬಂದರೆ ಅಡುಗೆ ತನ್ನಷ್ಟಕ್ಕೆ ಗೊತ್ತಾಗುತ್ತದೆ. ಒಂದೆಲಗ ಕಂಡರೆ ತಂಬುಳಿ. ಬಾಳೆಕಾಯಿ ಕಂಡರೆ ಪಲ್ಯ. ಏನೂ ಕಾಣದಿದ್ದರೆ ಜೀರಿಗೆ ತಂಬುಳಿ, ಜೊತೆಗೆ ಸುಟ್ಟ ಹಲಸಿನ ಹಪ್ಪಳ. ಇದಕ್ಕೆ ಬ್ಯಾಟರಿ ಖರ್ಚಿಲ್ಲ.

ಅಂಕೋಲೆಯವಳು

ಆ ಸುತ್ತು ಹೋಗುವವರು ಯಾರು ರಾಯರೇ? ನೀವೋ, ಮನೆಯವರೋ?

ತಂಬುಳಿ ರಾಯ, ಶಿರಸಿ

ಮುಂದಿನ ಪ್ರಶ್ನೆ.

ಯಲ್ಲಾಪುರದವ, ಸದ್ಯ ಬೆಂಗಳೂರು

ನಾನು ಇಂಥ ಆ್ಯಪ್‌ಗಳನ್ನು ಹಾಕಿ ತೆಗೆಯುವುದರಲ್ಲೇ ಒಂದು ವರ್ಷ ಕಳೆದವನು. ಗೊತ್ತಿರುವಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಇವುಗಳಲ್ಲಿ ಎರಡು ಜಾತಿ. ಮೊದಲನೇದು ಅಡುಗೆಯನ್ನು ತಾನೇ ಹೇಳುತ್ತದೆ. ಮೀಲೈಮ್ ಅಂಥದ್ದು. ಅದರ ಪಟ್ಟಿಯಿಂದ ನಾಲ್ಕು ಅಡುಗೆ ಆರಿಸಿದರೆ ಸಾಮಾನಿನ ಚೀಟಿ ಅದೇ ಮಾಡಿಕೊಡುತ್ತದೆ. ಈಟ್ ದಿಸ್ ಮಚ್ ಇನ್ನೂ ಒಂದು ಹೆಜ್ಜೆ ಮುಂದೆ. ಎಷ್ಟು ಕ್ಯಾಲೊರಿ ಬೇಕು ಅಂತ ಹೇಳಿದರೆ ದಿನದ ಊಟವನ್ನೇ ಜೋಡಿಸುತ್ತದೆ. ಕೆಲಸ ಚೆನ್ನಾಗಿಯೇ ಮಾಡುತ್ತವೆ. ಆದರೆ ಅವು ಹುಟ್ಟಿದ ಊರಿನ ಅಂಗಡಿಗೆ ಹೊಂದುವ ಹಾಗೆ ಮಾಡಿದವು. ನಿಮಗೆ ಸಾಲ್ಮನ್ ಬಂದಿದ್ದು ಅದಕ್ಕೇ.

ಎರಡನೇದು ಖಾಲಿ ಡಬ್ಬಿ. ನಿಮ್ಮ ಅಡುಗೆ ನೀವೇ ತುಂಬಬೇಕು. ಪ್ಯಾಪ್ರಿಕಾ, ಪ್ಲ್ಯಾನ್ ಟು ಈಟ್, ಎನಿಲಿಸ್ಟ್ ಎಲ್ಲ ಈ ಕಡೆಯವು. ನಿಮಗೆ ಬೇಕಾದದ್ದು ಇದೇ.

ಪ್ಯಾಪ್ರಿಕಾಗೆ ಒಮ್ಮೆ ದುಡ್ಡು ಕೊಟ್ಟರೆ ಮುಗೀತು, ತಿಂಗಳ ಬಾಡಿಗೆ ಇಲ್ಲ. ಆದರೆ ಫೋನಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಕೊಳ್ಳಬೇಕು. ಅಡುಗೆ ಬರೆದಿಡುವುದು, ಕ್ಯಾಲೆಂಡರಿಗೆ ಹಾಕುವುದು, ಸಾಮಾನಿನ ಪಟ್ಟಿ, ಮನೆಯಲ್ಲಿ ಏನಿದೆ ಅನ್ನುವ ಲೆಕ್ಕ, ನಾಲ್ಕೂ ಒಂದೇ ಕಡೆ. ನೆಟ್ ಇಲ್ಲದಿದ್ದರೂ ತೆರೆಯುತ್ತದೆ. ಪ್ಲ್ಯಾನ್ ಟು ಈಟ್‌ಗೆ ಚಂದಾ ಕಟ್ಟಬೇಕು, 14 ದಿನ ಪುಕ್ಕಟೆ ನೋಡಬಹುದು. ವಾರದ ಹಾಳೆಗೆ ಅಡುಗೆ ಎಳೆದು ಬಿಡುವುದು ಅದರಲ್ಲಿ ತುಂಬಾ ಸಲೀಸು. ಎನಿಲಿಸ್ಟ್‌ನಲ್ಲಿ ಪಟ್ಟಿ ಹಂಚಿಕೊಳ್ಳುವುದು ಪುಕ್ಕಟೆ, ಊಟದ ಕ್ಯಾಲೆಂಡರ್ ಬೇಕೆಂದರೆ ದುಡ್ಡು. ಸ್ಯಾಮ್‌ಸಂಗ್ ಫುಡ್ ಈ ಎರಡು ಜಾತಿಯ ನಡುವೆ ಬರುತ್ತದೆ. ಮೊದಲು ಅದರ ಹೆಸರು ವಿಸ್ಕ್, 2023ರಲ್ಲಿ ಹೆಸರು ಬದಲಾಯಿತು.

ಇನ್ನೊಂದು ಮಾತು. ಇಂಟರ್ನೆಟ್ಟಿನಲ್ಲಿ ಕಂಡ ಅಡುಗೆಯನ್ನು ಒಂದೇ ಒತ್ತಿಗೆ ಒಳಗೆ ತಗೊಳ್ಳುತ್ತೇವೆ ಅಂತ ಎಲ್ಲವೂ ಹೇಳುತ್ತವೆ. ಅದು ಹೇಗೆ ನಡೆಯುತ್ತದೆ ಅಂದರೆ, ಕೆಲವು ಪುಟಗಳಲ್ಲಿ ಇದು ಸಾಮಾನು, ಇದು ವಿಧಾನ ಅಂತ ಯಂತ್ರಕ್ಕೆ ಮಾತ್ರ ಕಾಣುವ ಗುರುತು ಹಾಕಿರುತ್ತಾರೆ. ಆ ಗುರುತು ಇದ್ದರೆ ಸರಾಗ. ಇಲ್ಲದಿದ್ದರೆ ಕೈಯಲ್ಲೇ ಬರೆಯಬೇಕು. ನಾನು ಹುಡುಕಿದ ನಮ್ಮ ಕಡೆಯ ಅಡುಗೆ, ಹಸಿ, ಅಪ್ಪೆಹುಳಿ, ಕರಕಲಿ ಎಲ್ಲ ಕೈಯಲ್ಲೇ ಬರೆದದ್ದು. ವಿಡಿಯೊದಲ್ಲಿ ಇದ್ದರಂತೂ ಕೇಳುವುದೇ ಬೇಡ.

ಶಿಫ್ಟ್ ಗಿರಾಕಿ, ಮಲ್ಲಾಪುರ

ಪುಕ್ಕಟೆ ನೋಡುವ ವಿಷಯದಲ್ಲಿ ಹುಷಾರು. ನಾನು ಒಂದು ಆ್ಯಪನ್ನು ಮೂರನೇ ದಿನವೇ ಫೋನಿನಿಂದ ಕಿತ್ತು ಹಾಕಿದೆ. ಮುಗೀತು ಅಂದುಕೊಂಡೆ. ಎರಡು ವಾರದ ಮೇಲೆ ಇಡೀ ವರ್ಷದ ದುಡ್ಡು ಹೋಯಿತು. ಆ್ಯಪ್ ತೆಗೆದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್ ಒಳಗೆ ಹೋಗಿ ಚಂದಾದ ಪಟ್ಟಿಯಲ್ಲಿ ಅದನ್ನು ರದ್ದು ಮಾಡಬೇಕು. ಆ ದುಡ್ಡಿಗೆ ಎರಡು ಒಳ್ಳೆ ಇಸ್ವಾಣ ಮೀನು ಬರ್ತಿತ್ತು.

ಎಕ್ಸೆಲ್ ಅತ್ತಿಗೆ, ಕುಮಟಾ

ಯಲ್ಲಾಪುರದವರು ಒಂದು ಮಾತು ಬಿಟ್ಟರು. ತುಂಬಿದ ಅಡುಗೆಯನ್ನು ವಾಪಸ್ ತೆಗೆಯಲು ಬರುತ್ತದೋ ಇಲ್ಲವೋ, ಅದನ್ನು ಮೊದಲು ನೋಡಿ. ಯಮ್ಲಿ ಅಂತ ಒಂದು ದೊಡ್ಡ ಆ್ಯಪ್ ಇತ್ತು. ಹೆಸರುವಾಸಿಯೇ. 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ದೊಡ್ಡದು ಅಂದ ಮಾತ್ರಕ್ಕೆ ಉಳಿಯುತ್ತದೆ ಅಂತ ಇಲ್ಲ. ಹತ್ತು ಅಡುಗೆ ಬರೆದ ಕೂಡಲೇ ಒಮ್ಮೆ ಹೊರಗೆ ತೆಗೆದು ನೋಡಿ. ಕನ್ನಡ ಅಕ್ಷರ ಸರಿಯಾಗಿ ಬಂತಾ, ಚೌಕ ಚೌಕ ಬಂತಾ, ಗೊತ್ತಾಗುತ್ತದೆ.

ನಾನು ಗೂಗಲ್ ಶೀಟ್ಸ್. ಹೆಸರಿನಲ್ಲೇ ಇದೆ, ನಗಬೇಡಿ.

ಅಂಕೋಲೆಯವಳು

ಹೆಸರಲ್ಲಿ ಇರುವುದು ಎಕ್ಸೆಲ್ ಅಲ್ವಾ ಅತ್ತಿಗೆ.

ಸೊಸೆಯವರೇ, ನಾನು ಎರಡು ವರ್ಷ ಪ್ಲ್ಯಾನ್ ಮಾಡಿ ಸೋತವಳು. ಯಾಕೆ ಸೋತೆ ಅಂತ ಹೇಳುತ್ತೇನೆ, ನಿಮಗೆ ಉಪಯೋಗ ಆಗಬಹುದು. ಮಂಗಳವಾರ ಬಾಂಗಡೆ ಅಂತ ಬರೆದಿಡುತ್ತಿದ್ದೆ. ಮಂಗಳವಾರ ಪೇಟೆಗೆ ಹೋದರೆ ಬಾಂಗಡೆ ಬುಟ್ಟಿಯಲ್ಲಿ ನಾಲ್ಕು, ಅದೂ ಕಣ್ಣು ಕೆಂಪು. ಪಕ್ಕದಲ್ಲಿ ನೊಗಲಿ ಫಳಫಳ ಹೊಳೆಯುತ್ತಿತ್ತು. ನೊಗಲಿ ತಂದರೆ ಆ್ಯಪ್‌ನಲ್ಲಿ ಇಡೀ ವಾರ ಆಚೀಚೆ. ಬಾಂಗಡೆ ತಂದರೆ ಮನೆಯಲ್ಲಿ ಬೈಗುಳ. ಗಾಳಿ ಬಿದ್ದ ದಿನ ಅದೂ ಇಲ್ಲ, ಇದೂ ಇಲ್ಲ.

ಈಗ ಮೀನು ಬರೆಯುವುದನ್ನೇ ಬಿಟ್ಟಿದ್ದೇನೆ. ಮಸಾಲೆ ಬರೆಯುತ್ತೇನೆ. ಮಂಗಳವಾರ "ಜುಮ್ಮನಕಾಯಿ ಮಸಾಲೆ" (ಮೀನು ಸಾರಿಗೆ ಹಾಕುವ ಘಮದ ಕಾಡುಕಾಯಿ). ಕಾಯಿ, ಬ್ಯಾಡಗಿ ಮೆಣಸು, ಹುಣಸೆ, ಅರಿಶಿನ ರುಬ್ಬಿ, ಕೊನೆಗೆ ಜುಮ್ಮನಕಾಯಿ ಜಜ್ಜಿ ಹಾಕುವುದು. ಬಾಂಗಡೆ ಸಿಕ್ಕಿದರೆ ಬಾಂಗಡೆ, ತಾರಲೆ ಸಿಕ್ಕಿದರೆ ತಾರಲೆ. ಬುಧವಾರ "ಈರುಳ್ಳಿ ಮಸಾಲೆ". ಈರುಳ್ಳಿ, ಕೊತ್ತಂಬರಿ ಹುರಿದು ರುಬ್ಬಿದ್ದು. ಅದಕ್ಕೆ ಶೆಟ್ಲಿ (ಸಿಗಡಿ) ಆಗುತ್ತದೆ, ತಿಸ್ರೆ (ಚಿಪ್ಪುಮೀನು) ಆಗುತ್ತದೆ, ಯಾವುದೂ ಸಿಗದಿದ್ದರೆ ಬಟಾಟೆ, ಮೊಟ್ಟೆ. ಶುಕ್ರವಾರ "ರವೆ ಹಚ್ಚಿ ಹುರಿಯುವುದು". ಏನು ಸಿಕ್ಕಿದರೂ ನಡೆಯುತ್ತದೆ. ಪೇಟೆಗೆ ಹೋಗುವವರಿಗೆ ಇವತ್ತು ಯಾವ ಮಸಾಲೆ ಅಂತ ಗೊತ್ತಿದ್ದರೆ ಸಾಕು. ಮೀನು ಅವರೇ ಆರಿಸುತ್ತಾರೆ.

ಇದನ್ನು ಯಾವ ಆ್ಯಪ್ ಕೂಡ ಹೇಳಿಕೊಡಲಿಲ್ಲ. ಆದರೆ ಖಾಲಿ ಡಬ್ಬಿ ಜಾತಿಯ ಯಾವುದರಲ್ಲೂ ಮಾಡಬಹುದು. ಅಡುಗೆಯ ಹೆಸರಿನ ಜಾಗದಲ್ಲಿ ಮಸಾಲೆಯ ಹೆಸರು ಬರೆದರೆ ಆಯ್ತು.

ಕೋಡಿಬಾಗದ ಸೊಸೆ

ಅಯ್ಯೋ, ಇದು ನನಗೆ ಹೊಳೆದೇ ಇರಲಿಲ್ಲ! ಅತ್ತೆ ಇಷ್ಟು ವರ್ಷ ಹಾಗೇ ಮಾಡುತ್ತಿದ್ದರು ಅಂತ ಈಗ ಅನಿಸುತ್ತಿದೆ. ಮಧ್ಯಾಹ್ನ ಹನ್ನೊಂದಕ್ಕೆ ಮಸಾಲೆ ರುಬ್ಬಿ ಇಟ್ಟು, ಮಾವ ಏನು ತರುತ್ತಾರೋ ಅಂತ ಕಾಯುತ್ತಿದ್ದರು.

ಹೊನ್ನಾವರದ ಮಾಮ

ಜುಮ್ಮನಕಾಯಿ ರುಬ್ಬಬೇಡಿ ಅಂತ ದಪ್ಪ ಅಕ್ಷರದಲ್ಲಿ ಬರೆಯಿರಿ. ನಮ್ಮ ಮನೆಗೆ ಬಂದ ಹೊಸಬರೊಬ್ಬರು ಬೀಜ ಸಮೇತ ಮಿಕ್ಸಿಗೆ ಹಾಕಿದ್ದರು.

ಎಕ್ಸೆಲ್ ಅತ್ತಿಗೆ, ಕುಮಟಾ

ಅಂಕೋಲೆಯವರ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಈ ಆ್ಯಪ್‌ಗಳೆಲ್ಲ ಉಣ್ಣುವ ದಿನವನ್ನು ಬರೆಯುತ್ತವೆ. ನಮಗೆ ಬೇಕಾದದ್ದು ನೆನೆಸುವ ದಿನ.

ಭಾನುವಾರ ಬೆಳಿಗ್ಗೆ ದೋಸೆ ಅಂತ ಬರೆದರೆ ಭಾನುವಾರ ಬೆಳಿಗ್ಗೆ ಏಳಕ್ಕೆ "ಇವತ್ತು ದೋಸೆ" ಅಂತ ನೆನಪಿಸುತ್ತದೆ. ಆಗ ನೆನಪಿಸಿ ಏನು ಮಾಡುವುದು? ಅಕ್ಕಿ, ಉದ್ದು ಶನಿವಾರ ಮಧ್ಯಾಹ್ನ ನೆನೆಯಬೇಕು. ಸಂಜೆ ರುಬ್ಬಬೇಕು. ಮಳೆಗಾಲದಲ್ಲಿ ಹಿಟ್ಟು ಹುಳಿ ಬರುವುದು ನಿಧಾನ, ಸ್ವಲ್ಪ ಬೇಗನೇ ರುಬ್ಬಬೇಕು. ಅಲಸಂದೆ, ಕಡಲೆ ಹಿಂದಿನ ರಾತ್ರಿ. ಅಮೆರಿಕದ ಅಡುಗೆಗೆ ಹಿಂದಿನ ದಿನದ ಕೆಲಸ ಅಂದರೆ ಹೆಚ್ಚೆಂದರೆ ಫ್ರೀಜರ್‌ನಿಂದ ಹೊರಗಿಡುವುದು. ನಮ್ಮದು ಹಾಗಲ್ಲ. ಅರ್ಧ ಅಡುಗೆ ನಿನ್ನೆಯೇ ಆಗಿರಬೇಕು.

ನನ್ನ ಶೀಟ್‌ನಲ್ಲಿ ದಿನಕ್ಕೆ ಮೂರು ಕಾಲಂ. ಇವತ್ತು ಏನು, ನಾಳೆಗೆ ಏನು ನೆನೆಸಬೇಕು, ಏನು ಮುಗೀತಾ ಬಂತು. ನಿಜ ಹೇಳಬೇಕೆಂದರೆ ನಾನು ದಿನಾ ನೋಡುವುದು ನಡುವಿನದ್ದೊಂದೇ. ಅದನ್ನು ಗೂಗಲ್ ಕ್ಯಾಲೆಂಡರ್‌ನಲ್ಲೂ ಹಾಕಿದ್ದೇನೆ, ರಾತ್ರಿ ಒಂಬತ್ತಕ್ಕೆ ಟಿಂಗ್ ಅನ್ನುತ್ತದೆ. ಭಾನುವಾರದ ದೋಸೆಗೆ ನೆನೆಸುವುದು ಮಾತ್ರ ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ. ಒಮ್ಮೆ ಹಾಕಿದರೆ ವಾರ ವಾರ ಅದೇ ಬರುತ್ತದೆ.

ತಂಬುಳಿ ರಾಯ, ಶಿರಸಿ

ಇದು ಹೌದು. ಕಳಲೆಗೆ ಇಂಥದ್ದು ಬೇಕು. ಹೆಚ್ಚಿ ನೀರಲ್ಲಿ ಹಾಕಿದ ಮೇಲೆ ಮೂರು ದಿನ, ದಿನಾ ನೀರು ಬದಲಿಸಬೇಕು. ಅದು ಸುಮ್ನೆ ಶಾಸ್ತ್ರಕ್ಕಲ್ಲ. ಎಳೆ ಬಿದಿರಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ, ಅದು ನೀರಲ್ಲಿ ಹೋಗಬೇಕು, ಮತ್ತೆ ಬೇಯಿಸಿ ಆ ನೀರನ್ನೂ ಚೆಲ್ಲಬೇಕು. ಹೋದ ಮಳೆಗಾಲ ನಾನು ಎರಡನೇ ದಿನ ಮರೆತು, ಲೆಕ್ಕ ತಪ್ಪಿ, ಇಡೀ ಪಾತ್ರೆ ಗೊಬ್ಬರದ ಗುಂಡಿಗೆ ಸುರಿದೆ.

ಹಾ, ನಾನೇ ಸುರಿದದ್ದು. ಅಂಕೋಲೆಯವರು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಆಯಿಗೆ ಮಂಡಿ ಆಪರೇಷನ್ ಆದಮೇಲೆ ಅಡುಗೆಮನೆ ನನ್ನ ಪಾಲಿಗೆ ಬಂದಿದೆ. ಹಿತ್ತಲಿನ ಸುತ್ತು ನಾನೇ ಹೋಗುತ್ತೇನೆ. ಕಂಡದ್ದನ್ನು ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಅಷ್ಟೇ.

ಅಂಕೋಲೆಯವಳು

ಕೇಳಿದ್ದಕ್ಕೆ ಕ್ಷಮಿಸಿ ರಾಯರೇ. ಆಯಿಯ ಅಡುಗೆ ಬರೆದುಕೊಂಡಿರಾ?

ತಂಬುಳಿ ರಾಯ, ಶಿರಸಿ

ಬರೆಯಲು ಹೋದೆ. "ಉಪ್ಪು ಎಷ್ಟು?" ಅಂದರೆ "ಬೇಕಾದಷ್ಟು". "ಬೆಲ್ಲ?" "ಹುಳಿ ನೋಡಿ". "ಎಷ್ಟು ಹೊತ್ತು ಕುದಿಸಬೇಕು?" "ಪರಿಮಳ ಬರುವ ತನಕ". ಇದನ್ನು ಯಾವ ಆ್ಯಪ್‌ನ ಯಾವ ಖಾನೆಗೆ ತುಂಬುವುದು ಹೇಳಿ. ಕೊನೆಗೆ ಆಯಿಯನ್ನು ಒಲೆಯ ಹತ್ತಿರ ಕುರ್ಚಿ ಹಾಕಿ ಕೂರಿಸಿದೆ. ನಾನು ಮಾಡುತ್ತಾ ಹೋದೆ, ಅವಳು ಬೈಯುತ್ತಾ ಹೋದಳು. ಪೂರ್ತಿ ರೆಕಾರ್ಡ್ ಮಾಡಿದ್ದೇನೆ. ಬೆಲ್ಲವನ್ನು ಹಾಕುವ ಮುಂಚೆ ತಕ್ಕಡಿಯಲ್ಲಿ ತೂಗಿದೆ. ಅಪ್ಪೆಹುಳಿ, ನೀರ್ಗೊಜ್ಜು, ಕೇಸುವಿನ ಕರಕಲಿ, ಒಟ್ಟು ಹನ್ನೊಂದು ಆಗಿದೆ. ಪ್ರತಿ ಅಡುಗೆಗೆ ಒಂದು ಆಡಿಯೊ. ಎಲ್ಲಿ ಇಡುವುದು ಅಂತ ಗೊತ್ತಾಗದೆ ವಾಟ್ಸ್‌ಆ್ಯಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡಿದ್ದೇನೆ.

ಯಲ್ಲಾಪುರದವ, ಸದ್ಯ ಬೆಂಗಳೂರು

ರಾಯರೇ, ಅದನ್ನು ಇವತ್ತೇ ಗೂಗಲ್ ಡ್ರೈವ್‌ಗೂ ಹಾಕಿ. ಫೋನ್ ಬಾವಿಗೆ ಬಿದ್ದರೆ ಹನ್ನೊಂದೂ ಹೋಗುತ್ತದೆ. ಅಡುಗೆಯ ಟಿಪ್ಪಣಿಯಲ್ಲಿ ಆ ಆಡಿಯೊದ ಲಿಂಕ್ ಅಂಟಿಸಿದರೆ ಆಯ್ತು. ಹಳೆ ನೋಟ್‌ಬುಕ್ ಇದ್ದರೆ ಪುಟದ ಫೋಟೊ ತೆಗೆದು ಅಡುಗೆಯ ಚಿತ್ರದ ಜಾಗದಲ್ಲಿ ಹಾಕಬಹುದು. ನಾನು ಹಾಗೇ ಮಾಡಿದ್ದೇನೆ. ಪುಟದ ಮೇಲಿನ ಎಣ್ಣೆ ಕಲೆ ಸಮೇತ.

ಹೊನ್ನಾವರದ ಮಾಮ

ಕನ್ನಡದಲ್ಲಿ ಬರೆಯುವವರಿಗೆ ಒಂದು ಸೂಚನೆ. ನಮ್ಮ ಮನೆಯಲ್ಲಿ ಮೂವರು ಒಂದೇ ಆ್ಯಪ್‌ಗೆ ತುಂಬಿದೆವು. ಒಬ್ಬರು "ಬಾಂಗಡೆ", ಒಬ್ಬರು "ಬಾಂಗ್ಡೆ", ಮಗಳು "ಬಂಗುಡೆ". ಹುಡುಕಿದರೆ ಒಂದು ಸಿಗುತ್ತದೆ, ಎರಡು ಸಿಗುವುದಿಲ್ಲ. ಸಾಮಾನಿನ ಪಟ್ಟಿಯಲ್ಲೂ ಮೂರು ಸಾಲು. ಮೊದಲೇ ಕೂತು ಒಂದೇ ಕಾಗುಣಿತ ಅಂತ ಒಪ್ಪಂದ ಮಾಡಿಕೊಳ್ಳಿ. ಈರುಳ್ಳಿ, ನೀರುಳ್ಳಿ, ಉಳ್ಳಾಗಡ್ಡಿ ಜಗಳವೂ ಆಗುತ್ತದೆ, ತಯಾರಿರಿ.

ಇನ್ನೊಂದು, ಐದು ಜನರ ಅಡುಗೆಯನ್ನು ಹತ್ತು ಜನರಿಗೆ ಅಂತ ಒತ್ತಿದರೆ ಅಳತೆ ದುಪ್ಪಟ್ಟು ಆಗುತ್ತದೆ ಅಲ್ವಾ? ನಾನು "ಅರ್ಧ ಕಪ್" ಅಂತ ಅಕ್ಷರದಲ್ಲಿ ಬರೆದಿದ್ದೆ. ಅದು ಅರ್ಧವೇ ಉಳಿಯಿತು. ಉಳಿದದ್ದೆಲ್ಲ ಎರಡು ಪಾಲು. ತಂಗಿ ಮನೆಯವರು ಬಂದಿದ್ದ ದಿನ. ಈಗ 1/2 ಅಂತಲೇ ಬರೆಯುತ್ತೇನೆ, ಸಾಲಿನ ಮೊದಲಿಗೇ.

ಶಿಫ್ಟ್ ಗಿರಾಕಿ, ಮಲ್ಲಾಪುರ

ಕಪ್ ಅಂದರೆ ಯಾವ ಕಪ್ ಅಂತಲೂ ಬರೆಯಿರಿ. ಆ ಆ್ಯಪ್‌ಗಳ ಕಪ್ ಸುಮಾರು 240 ಮಿಲಿ. ನಮ್ಮ ಮನೆಯ ಚಹಾ ಕಪ್ ಅದರ ಅರ್ಧ ಮಾತ್ರ.

ಜೋಯಿಡಾ ಕಾಡುಕೋಳಿ

ಎಲ್ಲ ಸರಿ. ಜೂನ್ ಬಂದ ಮೇಲೆ ಕರೆಂಟ್ ಇರುವುದಿಲ್ಲ, ಟವರ್ ಇರುವುದಿಲ್ಲ. ನನಗೆ ನೆಟ್ ಇಲ್ಲದೆ ತೆರೆಯುವ ಆ್ಯಪ್ ಮಾತ್ರ ಆ್ಯಪ್. ಕೊಳ್ಳುವ ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಅಡುಗೆ ತೆರೆಯುತ್ತದಾ ನೋಡಿ. ಚಕ್ರ ತಿರುಗುತ್ತಾ ಕೂತರೆ ಬಿಟ್ಟುಬಿಡಿ.

ರುಬ್ಬಿದ ಮಸಾಲೆ ಫ್ರೀಜರ್‌ನಲ್ಲಿ ಇಡುವ ಪ್ಲ್ಯಾನ್ ಕೂಡ ಮಳೆಗಾಲಕ್ಕೆ ಬೇಡ. ಎರಡು ದಿನ ಕರೆಂಟ್ ಹೋದರೆ ಕಾಯಿ ಮಸಾಲೆ ಕೆಟ್ಟಿತು. ಒಣ ಪುಡಿ ಮಾಡಿಟ್ಟುಕೊಳ್ಳಿ, ಕಾಯಿ ಆಗಿಂದಾಗ ಸೇರಿಸಿ.

ಕೋಡಿಬಾಗದ ಸೊಸೆ

ಬೋಟ್ ಬಂದ್ ಆದ ಎರಡು ತಿಂಗಳು ನೀವೆಲ್ಲ ಹೇಗೆ ಪ್ಲ್ಯಾನ್ ಮಾಡುತ್ತೀರಿ? ಜುಲೈ 31ರ ತನಕ ಅಲ್ವಾ. ನಾಡದೋಣಿಯವರು ತಂದದ್ದು ಅಷ್ಟಿಷ್ಟು ಸಿಗುತ್ತದೆ, ರೇಟ್ ಕೇಳಿದರೆ ಮಾವ ತಿರುಗಿ ಬರುತ್ತಾರೆ.

ಅಂಕೋಲೆಯವಳು

ಮೇ ತಿಂಗಳಲ್ಲೇ ಒಣಮೀನು ತಂದು ಬಿಸಿಲು ಕೊಟ್ಟು ಡಬ್ಬಿ ತುಂಬಿಡಿ. ಆ್ಯಪ್‌ನಲ್ಲಿ ಮನೆಯ ದಾಸ್ತಾನು ಬರೆಯುವ ಜಾಗ ಇರುತ್ತದೆ ಅಲ್ವಾ, ಅದು ನನಗೆ ಉಪಯೋಗಕ್ಕೆ ಬಂದದ್ದು ಇದೊಂದಕ್ಕೇ. ಒಣ ಬಾಂಗಡೆ, ಒಣ ಶೆಟ್ಲಿ, ಮುರುಗಲು ಸಿಪ್ಪೆ, ಹಲಸಿನ ಹಪ್ಪಳ, ಉಪ್ಪಿನಲ್ಲಿ ಹಾಕಿದ ಹಲಸಿನ ತೊಳೆ, ಮಿಡಿ. ಎಷ್ಟಿದೆ ಅಂತ ಬರೆದಿಟ್ಟರೆ ಆಗಸ್ಟ್ ತನಕ ಹಂಚಿಕೊಳ್ಳಬಹುದು. ಇಲ್ಲದಿದ್ದರೆ ಜೂನ್‌ನಲ್ಲೇ ಒಣ ಶೆಟ್ಲಿ ಚಟ್ನಿ ಮಾಡಿ ಮಾಡಿ ಮುಗಿಸಿಬಿಡುತ್ತೇವೆ. ಉಳಿದದ್ದು ದಿನಸಿ, ತರಕಾರಿ. ಅದನ್ನು ಬರೆಯುವುದು ದಂಡ. ದಿನಾ ಬದಲಾಗುತ್ತದೆ.

ಎಕ್ಸೆಲ್ ಅತ್ತಿಗೆ, ಕುಮಟಾ

ಪಟ್ಟಿಯಲ್ಲಿ ನಮ್ಮೂರ ಈರುಳ್ಳಿ ಬರಲಿಲ್ಲ. ಹೆದ್ದಾರಿ ಬದಿಯಲ್ಲಿ ಗೊಂಚಲು ತೂಗಿ ಮಾರುವುದು ಮಳೆ ಶುರುವಾಗುವ ತನಕ ಮಾತ್ರ.

ಹೊನ್ನಾವರದ ಮಾಮ

ಅದು ಸಿಹಿ ಈರುಳ್ಳಿ. ಹಸಿಯಾಗಿ ತಿನ್ನಲು ಚೆಂದ. ಮಸಾಲೆಗೆ ಖಾರ ಇಲ್ಲ.

ಎಕ್ಸೆಲ್ ಅತ್ತಿಗೆ, ಕುಮಟಾ

ಮಾಮ, ನಿಮ್ಮ ಜೊತೆ ಇದನ್ನು ಬೇರೆ ಕಡೆ ಮಾತಾಡುತ್ತೇನೆ.

ಯಲ್ಲಾಪುರದವ, ಸದ್ಯ ಬೆಂಗಳೂರು

ಸಾಮಾನಿನ ಪಟ್ಟಿಯ ಬಗ್ಗೆ ಒಂದು. ಈ ಆ್ಯಪ್‌ಗಳು ಸೂಪರ್ ಮಾರ್ಕೆಟ್ಟಿನ ಕಪಾಟಿನ ಲೆಕ್ಕದಲ್ಲಿ ಪಟ್ಟಿ ಜೋಡಿಸುತ್ತವೆ. ಹಾಲಿನ ಕಪಾಟು, ಬೇಕರಿ ಕಪಾಟು ಹೀಗೆ. ಪ್ಯಾಪ್ರಿಕಾದಲ್ಲಿ ಆ ಹೆಸರು ಬದಲಿಸಬಹುದು. ನಾನು ಊರಿಗೆ ಬಂದಾಗ ಬಳಸಲು "ಸಂತೆ", "ದಿನಸಿ ಅಂಗಡಿ", "ಮನೆ ಹಿತ್ತಲು" ಅಂತ ಮಾಡಿದ್ದೇನೆ. ನಿಮಗೆ "ಮೀನುಪೇಟೆ" ಕೂಡ ಬೇಕು. ಆಂಡ್ರಾಯ್ಡ್‌ನಲ್ಲಿ ಪುಕ್ಕಟೆ ಆವೃತ್ತಿ ಇದೆ. 50 ಅಡುಗೆ ತನಕ ಬರೆಯಬಹುದು, ಆದರೆ ಇನ್ನೊಂದು ಫೋನಿಗೆ ಹೊಂದಿಸಲು ಬರುವುದಿಲ್ಲ. ಮೊದಲು ಅದರಲ್ಲಿ ನೋಡಿ.

ಕೋಡಿಬಾಗದ ಸೊಸೆ (ಮೂರು ವಾರದ ಮೇಲೆ)

ಏನಾಯಿತು ಅಂತ ಕೇಳುತ್ತಿದ್ದಿರಿ, ಹೇಳುತ್ತೇನೆ.

ಪ್ಯಾಪ್ರಿಕಾದ ಪುಕ್ಕಟೆಯದ್ದರಲ್ಲಿ ಅಡುಗೆ ಬರೆಯಲು ಶುರು ಮಾಡಿದೆ. 23 ಆಗಿದೆ. ಟೈಪ್ ಮಾಡುವುದು ಕಷ್ಟ ಅನಿಸಿತ್ತು. ಈಗ ಕೀಬೋರ್ಡಿನ ಮೈಕ್ ಒತ್ತಿ ಅತ್ತೆಯೇ ಹೇಳುತ್ತಾರೆ, ಅದು ಕನ್ನಡದಲ್ಲಿ ಬರೆದುಕೊಳ್ಳುತ್ತದೆ. ಕೊಂಕಣಿ ಪದ ಬಂದಾಗ ಏನೇನೋ ಬರುತ್ತದೆ. ಅದನ್ನು ತಿದ್ದುವಾಗ ಇಬ್ಬರೂ ನಕ್ಕು ಸಾಕಾಗುತ್ತದೆ.

ಸಂತೆ ಪಟ್ಟಿ ಮಾತ್ರ ಗೂಗಲ್ ಕೀಪ್‌ನಲ್ಲಿ. ಗಂಡನ ಜೊತೆ ಹಂಚಿಕೊಂಡಿದ್ದೇನೆ. ಅವರು ಅಲ್ಲಿ ಟಿಕ್ ಮಾಡಿದ್ದು ನನಗೆ ಇಲ್ಲಿ ಕಾಣುತ್ತದೆ. ಬಸಳೆ ಮರೆತು ಬಂದರೆ ಈಗ ನೆಪ ಇಲ್ಲ. ನೆನೆಸುವ ಗಂಟೆ ಅತ್ತಿಗೆ ಹೇಳಿದ ಹಾಗೆ ಕ್ಯಾಲೆಂಡರ್‌ನಲ್ಲಿ. ಒಂದೇ ಆ್ಯಪ್ ಹುಡುಕುತ್ತಾ ಬಂದವಳು ಮೂರು ಇಟ್ಟುಕೊಂಡಿದ್ದೇನೆ, ಒಂದಕ್ಕೂ ದುಡ್ಡು ಕೊಟ್ಟಿಲ್ಲ. 50 ದಾಟಿದರೆ ಪ್ಯಾಪ್ರಿಕಾ ಕೊಳ್ಳುತ್ತೇನೆ ಅನಿಸುತ್ತದೆ. ಅಷ್ಟು ದಾಟುತ್ತದಾ ಗೊತ್ತಿಲ್ಲ.

ಮೊದಲ ವಾರ ಎರಡು ದಿನ ಪ್ಲ್ಯಾನ್ ಮುರಿಯಿತು. ಒಂದು ದಿನ ಮಿಕ್ಸಿ ಕೆಟ್ಟಿತು. ಇನ್ನೊಂದು ದಿನ ಸುಮ್ನೆ ಮನಸ್ಸಿರಲಿಲ್ಲ, ಗಂಜಿ, ಮಿಡಿ ಉಪ್ಪಿನಕಾಯಿ ಮಾಡಿದೆ. ಮಕ್ಕಳು ಅದನ್ನೇ ಜಾಸ್ತಿ ತಿಂದರು. ಈಗ ವಾರದಲ್ಲಿ ಒಂದು ದಿನ "ಗಂಜಿ" ಅಂತಲೇ ಬರೆದಿದ್ದೇನೆ.

ಮುಂದಿನ ವಾರದ್ದು ಹೀಗಿದೆ, ನೋಡಿ ಹೇಳಿ. ಸೋಮವಾರ ಮೊಗೆಕಾಯಿ ಹುಳಿ, ಬಾಳೆಕಾಯಿ ಪಲ್ಯ. ಮಂಗಳವಾರ ಒಣ ಬಾಂಗಡೆ, ಬಸಳೆ ಸಾರು. ಬುಧವಾರ ಈರುಳ್ಳಿ ಮಸಾಲೆ, ದೋಣಿ ಮೀನು ಸಿಕ್ಕಿದರೆ ಮೀನು, ಇಲ್ಲದಿದ್ದರೆ ಮೊಟ್ಟೆ. ಗುರುವಾರ ಅಲಸಂದೆ, ಒಂದೆಲಗ ತಂಬುಳಿ (ರಾಯರಿಗೆ ಧನ್ಯವಾದ). ಶುಕ್ರವಾರ ಒಣ ಶೆಟ್ಲಿ ಚಟ್ನಿ, ಸಾರು. ಶನಿವಾರ ಗಂಜಿ. ಭಾನುವಾರ ಬೆಳಿಗ್ಗೆ ದೋಸೆ, ಮಧ್ಯಾಹ್ನ ಕೋಳಿ.

ತಂಬುಳಿ ರಾಯ, ಶಿರಸಿ

ಒಂದೆಲಗ ಕುದಿಸಬೇಡಿ. ಹಸಿಯಾಗಿ ಕಾಯಿ ಜೊತೆ ರುಬ್ಬಿ, ಮಜ್ಜಿಗೆ ಸೇರಿಸಿ. ಆಯಿ ಪಕ್ಕದಲ್ಲೇ ಕೂತು ಹೇಳುತ್ತಿದ್ದಾಳೆ.

ಅಂಕೋಲೆಯವಳು

ಚೆನ್ನಾಗಿದೆ. ಆದರೆ ಮುಂದಿನ ಶುಕ್ರವಾರ ಸಂಕಷ್ಟಿ ಅಲ್ವಾ? ಅತ್ತೆ ಒಪ್ಪುತ್ತಾರಾ?

ಕೋಡಿಬಾಗದ ಸೊಸೆ

ಅಯ್ಯೋ. ಗೋಡೆಯ ಕ್ಯಾಲೆಂಡರ್ ನೋಡಲೇ ಇಲ್ಲ. ಶೆಟ್ಲಿ ಶನಿವಾರಕ್ಕೆ, ಗಂಜಿ ಶುಕ್ರವಾರ ರಾತ್ರಿ ಚಂದ್ರ ನೋಡಿದ ಮೇಲೆ. ಬದಲಿಸಿದೆ.

ಹೊನ್ನಾವರದ ಮಾಮ

ಈ ಮಳೆಯಲ್ಲಿ ಚಂದ್ರ ಕಂಡರೆ ನಮಗೂ ತಿಳಿಸಿ.